ಕಾರಿನ ಪರಕಾರ

ನಮ್ಮ ಸೋದರತ್ತೆಯ ಮುಖ ನೋಡದವರು ಬನಹಟ್ಟಿಯಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಅವರ ಪಾದ ನೋಡದವರು ಒಬ್ಬರೂ ಸಿಗಲಿಕ್ಕಿಲ್ಲ! ಅತ್ತೆಯೇನು ಮಠ ಕಟ್ಟಿಕೊಂಡು ಪಾದಪೂಜೆ ಮಾಡಿಸಿಕೊಳ್ಳುವವರಲ್ಲ. ಯಾವಾಗ ನೋಡಿದರೂ ಯಾವುದಾದರೊಂದು ಕಾರಿನ ಕೆಳಗೆ ಇರುತ್ತಿದ್ದರು, ಅಷ್ಟೇ. ಹೊರಗೆ ಕಾಣುತ್ತಿದ್ದದ್ದು ಇಳಕಲ್ ಸೀರೆಯ ಅಂಚು, ಬೆಳ್ಳಿಯ ಕಾಲುಂಗುರ, ಎರಡು ಪಾದ. ಮೊದಮೊದಲು ದಾರಿಯಲ್ಲಿ ಹೋಗುವವರು "ಅಯ್ಯಯ್ಯ, ಯಾರೋ ಕಾರಿನ ಬುಡಕ ಸಿಕ್ಕಾರ!" ಎಂದು ಓಡಿ ಬರುತ್ತಿದ್ದರು. ಆಮೇಲಾಮೇಲೆ "ಅಕ್ಕಾರ, ಆರಾಮ ಅದೀರೇನ್ರಿ?" ಎಂದು ಆ ಪಾದಗಳನ್ನೇ ಕೇಳಿ ಮುಂದೆ ಹೋಗತೊಡಗಿದರು. ಕಾರಿನ ಬುಡದಿಂದ "ಆರಾಮ ಅದೀನಪಾ, ನೀ ಹೆಂಗದಿ?" ಎಂಬ ಉತ್ತರವೂ ಬರುತ್ತಿತ್ತು.

ಅಲ್ಲಿ ಅವರು ನೋಡುತ್ತಿದ್ದದ್ದಾದರೂ ಏನು? ಇಂಜಿನ್ನೇ? ಸೈಲೆನ್ಸರೇ? ಅದೆಲ್ಲ ಸಾಮಾನ್ಯರು ನೋಡುವಂಥದ್ದು! ಇಂಜಿನ್ನಿನ ಶಕ್ತಿಯನ್ನು ಮುಂದಿನ ಗಾಲಿಗೆ ಮುಟ್ಟಿಸುವ ಒಂದು ಉಕ್ಕಿನ ದಂಡ ಇರುತ್ತದೆ. ಅದಕ್ಕೆ ಡ್ರೈವ್ ಶಾಫ್ಟ್ ಎನ್ನುತ್ತಾರೆ. ಅದರ ತುದಿಯಲ್ಲೊಂದು ಕೀಲು, ಕೀಲಿನ ತುಂಬ ಗ್ರೀಸು, ಅದರ ಮೇಲೊಂದು ರಬ್ಬರಿನ ಮುಸುಕು. ಒಳಗಿನ ಗ್ರೀಸು ಹೊರಗೆ ಹೋಗದಂತೆ, ಹೊರಗಿನ ಧೂಳು ನೀರು ಒಳಗೆ ಬರದಂತೆ ಕಾಯುವುದೇ ಆ ಮುಸುಕಿನ ಕೆಲಸ. ಮೆಕ್ಯಾನಿಕ್ಕುಗಳು ಅದನ್ನು ಬೂಟು ಎನ್ನುತ್ತಾರೆ. ಅತ್ತೆ ಒಪ್ಪುವುದಿಲ್ಲ.

"ಬೂಟ್ ಅಂದ್ರ ಕಾಲಿಗೆ ಹಾಕ್ಕೊಳ್ಳೂದು. ಇದಕ್ಕ ನಿರಗಿ ಅದಾವ, ಸೊಂಟಕ್ಕ ಪಟ್ಟಿ ಐತಿ. ಇದು ಪರಕಾರ!" ಎನ್ನುತ್ತಾರೆ. ಪರಕಾರವೆಂದರೆ ನಮ್ಮ ಕಡೆ ಸೀರೆಯೊಳಗೆ ಉಡುವ ಲಂಗ. ಮಗ್ಗದ ಮನೆಯ ಹೆಣ್ಣುಮಗಳು, ನಿರಿಗೆಯ ವಿಷಯದಲ್ಲಿ ಅವರೊಡನೆ ವಾದ ಮಾಡುವವರಾದರೂ ಯಾರು?

ಈ ಹುಚ್ಚು ಹತ್ತಿದ್ದಕ್ಕೆ ಕಾರಣ ನಮ್ಮ ಮಾಮಾ, ಅಂದರೆ ಅತ್ತೆಯ ಯಜಮಾನರು. ಮಾಮಾ ಮಾತು ಕಡಿಮೆ, ಕಾರಿನ ವೇಗ ಇನ್ನೂ ಕಡಿಮೆ. ಅವರು ಮೂರನೇ ಗೇರಿನಿಂದ ನಾಲ್ಕಕ್ಕೆ ಹೋಗುವಷ್ಟರಲ್ಲಿ ಊರೇ ಬಂದುಬಿಡುತ್ತದೆ. ಒಮ್ಮೆ ಅವರ ಕಾರು ತಿರುವಿನಲ್ಲಿ ಹೊರಳುವಾಗಲೆಲ್ಲ 'ಕಟ್ ಕಟ್ ಕಟ್' ಎನ್ನತೊಡಗಿತು. ಅಡುಗೆಮನೆಯಲ್ಲಿ ಕುಳಿತೇ ಎಷ್ಟನೆಯ ಮಗ್ಗದಲ್ಲಿ ಎಳೆ ಹರಿದಿದೆ ಎಂದು ಹೇಳುವ ಕಿವಿ ಅತ್ತೆಯದು. "ಏನೋ ಕೆಟ್ಟೈತ್ರಿ, ತೋರಸ್ರಿ" ಎಂದರು. ಮಾಮಾ, "ಹಳೇದಾಗೇತಿ, ಮಾತಾಡಾಕತ್ತೈತಿ, ಬಿಡ" ಎಂದರು. ನಾಲ್ಕು ತಿಂಗಳು ಕಾರು ಮಾತಾಡಿತು. ಒಂದು ದಿನ ಸಾವಳಗಿಯಲ್ಲಿ ಮದುವೆ ಊಟ ಮುಗಿಸಿ ಬರುವಾಗ ತಿರುವಿನಲ್ಲಿ ಕೊನೆಯ ಮಾತಾಡಿ ನಿಂತಿತು. ಇಂಜಿನ್ ಗುರ್ರೆನ್ನುತ್ತದೆ, ಗೇರು ಬೀಳುತ್ತದೆ, ಕಾರು ಮಾತ್ರ ಇದ್ದಲ್ಲೇ! ಹಿಂದೆ ಕಬ್ಬಿನ ಟ್ರಾಕ್ಟರುಗಳ ಸಾಲು. ಕೊನೆಗೆ ಒಬ್ಬ ಪುಣ್ಯಾತ್ಮ ತನ್ನ ಎರಡು ಟ್ರೇಲರುಗಳ ಹಿಂದೆ ಇವರ ಕಾರನ್ನು ಮೂರನೆಯ ಟ್ರೇಲರಿನಂತೆ ಕಟ್ಟಿಕೊಂಡು ಜಮಖಂಡಿ ಮುಟ್ಟಿಸಿದ. "ಅಂವಾ ಹಾದಿ ಮರತು ಸೀದಾ ಕಾರ್ಖಾನಿಗೆ ಹೋಗಿದ್ರ ನಮ್ಮನ್ನೂ ಕಬ್ಬಿನ ಕೂಡ ತೂಗತಿದ್ರು" ಎಂದು ಅತ್ತೆ ಇವತ್ತಿಗೂ ಮಾಮಾನನ್ನು ಹಂಗಿಸುತ್ತಾರೆ.

ಅಲ್ಲಿಯ ಮೆಕ್ಯಾನಿಕ್ ಹರಿದ ರಬ್ಬರನ್ನು ಎತ್ತಿ ತೋರಿಸಿ, "ಅಕ್ಕಾರ, ಇದು ಹರದಾಗ ಬದಲಿ ಮಾಡಿದ್ರ ಕೀಲ ಉಳೀತಿತ್ತು ನೋಡ್ರಿ" ಎಂದ. ಆಗಿಹೋಯಿತು! ಅತ್ತೆ ಆ ಚಿಂದಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರಂತೆ. ಮರುವಾರವೇ ಡ್ರೈವಿಂಗ್ ಕಲಿಯಲು ಹೋದರು. ಆಗ ಅವರಿಗೆ ಐವತ್ತನಾಲ್ಕು ವರ್ಷ.

ಆಮೇಲೆ ಊರಿನ ಯಾವ ಕಾರಿಗೂ ಅವರಿಂದ ಬಿಡುಗಡೆ ಇಲ್ಲದಾಯಿತು. ಮುಧೋಳದಲ್ಲಿ ಒಂದು ಗೃಹಪ್ರವೇಶ. ಒಬ್ಬ ದೊಡ್ಡ ಸಾಹೇಬರು ಹೆಂಡತಿಯೊಡನೆ ಕಾರಿನಲ್ಲಿ ಬಂದರು. ಅದು ಹೊರಳುವಾಗ ಕಟ್ ಕಟ್ ಎಂದದ್ದೇ ತಡ, ಪೆಂಡಾಲಿನ ಆ ತುದಿಯಿಂದ ಅತ್ತೆ ಕೂಗಿದರು: "ಸಾಹೇಬರ, ತಡೀರಿ! ಪರಕಾರ ಹರದೈತ್ರಿ!"

ಸಾಹೇಬರ ಹೆಂಡತಿ ಸೆರಗು ಮುಟ್ಟಿಕೊಂಡರು, ನಿರಿಗೆ ಮುಟ್ಟಿಕೊಂಡರು, ಮುಖ ಕೆಂಪಗೆ ಮಾಡಿಕೊಂಡು ಒಳಗೆ ಓಡಿಯೇಬಿಟ್ಟರು. ಅತ್ತೆ ಬೆನ್ನು ಹತ್ತಿ, "ನಿಂದಲ್ಲವಾ ತಂಗಿ, ಕಾರಿಂದು!" ಎಂದು ಇನ್ನಷ್ಟು ಜೋರಾಗಿ ಹೇಳಿದರು. ಪೆಂಡಾಲಿನಲ್ಲಿ ಕೇಳದೆ ಉಳಿದಿದ್ದ ನಾಲ್ಕು ಜನಕ್ಕೂ ಆಗ ಕೇಳಿಸಿತು.

ನನ್ನ ತಂಗಿಯನ್ನು ನೋಡಲು ಬೀಳಗಿಯಿಂದ ಗಂಡಿನವರು ಬಂದಾಗಲೂ ಇದೇ ಕತೆ. ಶಿರಾ ತಿಂದಾಯಿತು, ಚಹಾ ಕುಡಿದಾಯಿತು, ಮನೆಗೆ ಹಿರಿಯರಾದ ಅತ್ತೆಯೇ ಕಾಣುವುದಿಲ್ಲ! ಎಲ್ಲಿ, ಎಲ್ಲಿ ಎನ್ನುವಷ್ಟರಲ್ಲಿ ಹಣೆಗೆ ಕುಂಕುಮ, ಮೂಗಿಗೆ ಗ್ರೀಸು ಹಚ್ಚಿಕೊಂಡು ಒಳಗೆ ಬಂದರು. ವರನ ಎದುರೇ ಕುಳಿತರು.

"ತಮ್ಮಾ, ಕಾರ ನಿಂದ ಏನು?"

"ಹೌದ್ರಿ."

"ಹೊಳ್ಳುವಾಗ ಕಟ್ ಕಟ್ ಅಂತೈತೆಲ್ಲಾ?"

"ಅಂತೈತ್ರಿ."

"ಎಷ್ಟ ದಿವ್ಸ ಆತು?"

ವರನ ತಂದೆ "ನಿನ್ನೆರೀ, ನಿನ್ನೆಯಿಂದ" ಎಂದು ನಡುವೆ ಬಾಯಿ ಹಾಕಿದರು. ವರ ತಲೆ ತಗ್ಗಿಸಿ, "ಇಲ್ರಿ, ಆರು ತಿಂಗಳಾತ್ರಿ. ತಪ್ಪ ನಂದ, ಲಕ್ಷ್ಯ ಕೊಟ್ಟಿಲ್ಲ" ಎಂದ. ನಮ್ಮಪ್ಪ ತಲೆ ಮೇಲೆ ಕೈ ಹೊತ್ತುಕೊಂಡರು. ಈ ಸಂಬಂಧ ಹೋಯಿತು ಎಂದುಕೊಂಡು ನಾನು ಉಳಿದ ಶಿರಾದ ಕಡೆ ನೋಡುತ್ತಿದ್ದೆ. ಅತ್ತೆ ಸೀದಾ ಒಳಗೆ ಹೋಗಿ ನನ್ನ ತಂಗಿಗೆ ಹೇಳಿದರಂತೆ: "ಹರದದ್ದನ್ನ ಹರದೈತಿ ಅನ್ನಾಂವ ಸಿಕ್ಕಾನ. ಇಂಥಾಂವನ್ನ ಬಿಡಬ್ಯಾಡ." ಮುಂದಿನ ರವಿವಾರ ವರ ಮತ್ತೆ ಬಂದ, ಬದಲಾಯಿಸಿದ ಹಳೆಯ ರಬ್ಬರನ್ನು ಕ್ಯಾರಿಬ್ಯಾಗಿನಲ್ಲಿ ಹಾಕಿಕೊಂಡು! ಈಗ ಅವರಿಗೆ ಎರಡು ಮಕ್ಕಳು.

ಇನ್ನು ಆ ಜಮಖಂಡಿಯ ಮೆಕ್ಯಾನಿಕ್ಕಿನ ಪಾಡು ಕೇಳಬೇಡಿ. ಅತ್ತೆ ಹೋದರೆ ಸ್ಟೂಲು ಹಾಕಿಕೊಂಡು ಪಕ್ಕದಲ್ಲೇ ಕೂಡುತ್ತಿದ್ದರು. ಹಳೆಯ ಗ್ರೀಸನ್ನು ಪೂರ್ತಿ ತೊಳೆದು ತೆಗೆಯುವವರೆಗೆ ಹೊಸದನ್ನು ಮುಟ್ಟಗೊಡುತ್ತಿರಲಿಲ್ಲ. ಒಮ್ಮೆ ಆತ ಅವಸರದಲ್ಲಿ, "ಪಟ್ಟಿ ಹಳೇದ ಛಲೋ ಅದಾವ್ರಿ ಅಕ್ಕಾರ, ಇಲ್ಲಾಂದ್ರ ತಂತಿ ಸುತ್ತಿಬಿಡ್ತೀನಿ" ಎಂದುಬಿಟ್ಟ.

"ನಿನ್ನ ಪ್ಯಾಂಟಿಗೆ ತಂತಿ ಸುತ್ತಿಕೊಂಡ ಬಂದೀಯೇನ ಲೇ?"

ಆತ ಬೆಲ್ಟು ಮುಟ್ಟಿ ನೋಡಿಕೊಂಡು ಹೊಸ ಪಟ್ಟಿ ಹಾಕಿದ.

ಇಂಥ ಅತ್ತೆ ಹೋದ ವರ್ಷ ಬಿದ್ದರು. ಕಾರಿನ ಬುಡದಲ್ಲೇ ಇವರಿಗೆ ಏನಾದರೂ ಆಗುತ್ತದೆ ಎಂದು ನಾವೆಲ್ಲ ಹೆದರಿದ್ದೆವು. ಆದದ್ದು ಬಚ್ಚಲಿನಲ್ಲಿ. ಕಾಲು ಜಾರಿ ಸೊಂಟದ ಕೀಲಿನ ಎಲುಬು ಮುರಿಯಿತು. ಆಪರೇಶನ್ ಚೆನ್ನಾಗಿಯೇ ಆಯಿತು. "ಹೊಸ ಕೀಲು ಕೂಡಿಸೀವಿ, ಆದ್ರ ದಿನಾ ನಡೀಬೇಕು. ಮಲಕ್ಕೊಂಡ್ರ ಮಲಕ್ಕೊಂಡಂಗ" ಎಂದು ಡಾಕ್ಟರು ಎಚ್ಚರಿಸಿ ಮನೆಗೆ ಕಳಿಸಿದರು.

ಅತ್ತೆ ನಡೆಯಲಿಲ್ಲ. ಒಂದು ವಾರವಾಯಿತು, ಎರಡಾಯಿತು, ಮೂರಾಯಿತು. ವಾಕರನ್ನು ಹಾಸಿಗೆಯ ಪಕ್ಕ ನಿಲ್ಲಿಸಿದರೆ ಅದರ ಮೇಲೆ ಟವೆಲು ಒಣಹಾಕಿಸಿದರು. ನೋವಿಗಿಂತ ಹೆದರಿಕೆಯೇ ಹೆಚ್ಚು ಎಂದು ಮಾಮಾ ಮೆಲ್ಲಗೆ ನನಗೆ ಹೇಳಿದರು. ಜಮಖಂಡಿಯಲ್ಲಿ ಮಾಸ್ತರನಾದ ನಾನು ಸಾಲೆ ಮುಗಿಸಿ ಆಗಾಗ ನೋಡಲು ಬರುತ್ತಿದ್ದೆ. ಒಮ್ಮೆ ಬೇಕೆಂತಲೇ, "ಅತ್ತಿ, ನನ್ನ ಕಾರ ಕಟ್ ಕಟ್ ಅನ್ನಾಕತ್ತೈತಿ" ಎಂದೆ. ಅವರು ಗೋಡೆಯ ಕಡೆ ಹೊರಳಿ, "ಅಂದ್ರ ಅನ್ಲಿ" ಎಂದರು. ಆ ಮಾತು ಕೇಳಿ ನನಗೆ ನಿಜವಾಗಿ ಭಯವಾಯಿತು.

"ನಾಕ ಹೆಜ್ಜಿ ಹಾಕ ಅತ್ತಿ" ಎಂದು ಕೈ ಹಿಡಿದರೆ, "ನಾ ನಡದು ಇನ್ನ ಎಲ್ಲಿಗೆ ಹೋಗಬೇಕಾಗೇತಿ?" ಎಂದು ಕೈ ಬಿಡಿಸಿಕೊಂಡರು.

ಮುಂದಿನ ರವಿವಾರ ಬೆಳಿಗ್ಗೆ ನಾನು ಅವರ ಹಾಸಿಗೆಯ ಪಕ್ಕ ಕುಳಿತಿದ್ದೆ. ಮಾಮಾ ಕಾರು ತೆಗೆದುಕೊಂಡು ರಬಕವಿಗೆ ಹೋಗಿ ಬಂದರು. ಎಂದೂ ಇಲ್ಲದಂತೆ ಕಿಟಕಿಯ ಎದುರಿಗೇ ತಂದು, ಮುಂದಿನ ಗಾಲಿಗಳನ್ನು ಪೂರಾ ಹೊರಳಿಸಿ ನಿಲ್ಲಿಸಿದರು. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಕಾರಿನ ಸದ್ದಿಗೆ ಕಣ್ಣು ತೆರೆದರು. ಕತ್ತು ಎತ್ತಿದರು. ಗಾಲಿಯ ಒಳಮೈಗೆ ಗ್ರೀಸು ಕರ್ರಗೆ ಸಿಡಿದಿತ್ತು.

"ಏನ್ರೀ!" ಎಂದು ಅತ್ತೆ ಕೂಗಿದರು. ತಿಂಗಳ ನಂತರ ಕೇಳಿದ ಕೂಗು! "ಎಡಗಡಿದು ಹರದೈತಿ ನೋಡ್ರಿ!"

ಮಾಮಾ ಬಗ್ಗಿ ಬಲಗಾಲಿಯನ್ನು ನೋಡಿದರು. "ಏನೂ ಆಗಿಲ್ಲ."

"ಅದಲ್ರೀ, ಎಡಕ್ಕ, ಎಡಕ್ಕ!"

ಮಾಮಾ ಈಗ ಹಿಂದಿನ ಗಾಲಿ ನೋಡಿದರು. "ಎಲ್ಲಾ ಬರೋಬ್ಬರಿ ಐತಿ. ನೀ ಮಲಕ್ಕೋ."

"ಮಲಕ್ಕೋ ಅಂತಾರ! ಕೀಲ ಹೋಗ್ತೈತಿ ಅಂದ್ರ ಮಲಕ್ಕೋ ಅಂತಾರ! ತಗೀ ಲೇ ಆ ಟವೆಲ್ಲ!" ಕೊನೆಯ ಮಾತು ನನಗೆ. ನಾನು ಟವೆಲು ತೆಗೆದೆ. ಅತ್ತೆ ವಾಕರ್ ಹಿಡಿದರು. ಎದ್ದರು. ಹಣೆಯಲ್ಲಿ ಬೆವರು, ಬಾಯಲ್ಲಿ ಮಾಮಾಗೆ ಬೈಗುಳ. ಹಾಸಿಗೆಯಿಂದ ಬಾಗಿಲು, ಬಾಗಿಲಿನಿಂದ ಪಡಸಾಲೆ, ಪಡಸಾಲೆಯಿಂದ ಕಟ್ಟೆ. ನಾನು ಹಿಂದೆ ಹಿಂದೆ ಕೈ ಚಾಚಿಕೊಂಡು ಹೋದೆ. ಒಮ್ಮೆಯೂ ಹಿಡಿಯಬೇಕಾಗಲಿಲ್ಲ.

ಮೆಕ್ಯಾನಿಕ್ಕಿಗೆ ಫೋನು ಹೋಯಿತು. ಆತ ಮಧ್ಯಾಹ್ನದ ಹೊತ್ತಿಗೆ ಹೊಸ ಬೂಟು, ಹೊಸ ಪಟ್ಟಿ, ಹೊಸ ಗ್ರೀಸು ಹಿಡಿದುಕೊಂಡೇ ಬಂದ. ಅತ್ತೆ ಕಟ್ಟೆಯ ಮೇಲೆ ಖುರ್ಚಿ ಹಾಕಿಸಿಕೊಂಡು ಕುಳಿತರು. ಗಾಲಿ ಬಿಚ್ಚಿ, ಶಾಫ್ಟು ಎಳೆದು, ಹರಿದ ರಬ್ಬರನ್ನು ತೆಗೆದ ಮೆಕ್ಯಾನಿಕ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಮಜಾ ಐತ್ರಿ ಅಕ್ಕಾರ. ಇದು ಹಳೇದಾಗಿ ಹರದದ್ದಲ್ಲ. ರಬ್ಬರ್ ಇನ್ನೂ ಮೆತ್ತಗ ಐತಿ. ಯಾರೋ ಬ್ಲೇಡಿಲೆ ಕೊಯ್ದಂಗ ಐತಿ..."

ಮಾಮಾ ಥಟ್ಟನೆ ಮಗ್ಗದ ಶೆಡ್ಡಿನ ಕಡೆ ತಿರುಗಿದರು, ಅಲ್ಲಿಂದ ಯಾರೋ ಕರೆದಂತೆ. ರವಿವಾರ, ಮಗ್ಗಗಳೆಲ್ಲ ಬಂದ್ ಆಗಿದ್ದವು. ಅವರ ಹೆಬ್ಬೆರಳಿಗೆ ಸುತ್ತಿದ್ದ ಬ್ಯಾಂಡೇಜನ್ನು ನಾನು ಆಗಲೇ ಗಮನಿಸಿದ್ದು.

"ಇಲ್ಲಿ ಕೊಡು" ಎಂದು ಅತ್ತೆ ರಬ್ಬರನ್ನು ಕೈಗೆ ತೆಗೆದುಕೊಂಡರು. ನೆಟ್ಟಗೆ, ನೀಟಾಗಿ, ಒಂದೇ ಗೀರಿನಲ್ಲಿ ಸೀಳಿದ ಅಂಚಿನ ಮೇಲೆ ಬೆರಳಾಡಿಸಿದರು. ಆ ಬೆರಳಿಗೆ ತಿಳಿಯದ ಸೀಳು ಈ ಭಾಗದಲ್ಲಿ ಯಾವುದಿದೆ? ಮಾಮಾನ ಬೆನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ರಬ್ಬರನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡರು.

"ಇಲಿ ಕಡದೈತಿ. ನೀ ನಿನ್ನ ಕೆಲಸಾ ನೋಡು" ಎಂದು ಮೆಕ್ಯಾನಿಕ್ಕಿಗೆ ಹೇಳಿದರು.

ಮತ್ತೆ ಶೆಡ್ಡಿನ ಕಡೆ ತಿರುಗಿ, ನಾನು ಅವರ ಬಾಯಿಂದ ಅದುವರೆಗೆ ಕೇಳದ ಮೆತ್ತನೆಯ ದನಿಯಲ್ಲಿ ಕೇಳಿದರು:

"ಏನ್ರೀ, ಡಾಕ್ಟರ ದಿನಾ ಎಷ್ಟ ದೂರ ನಡೀ ಅಂದಾರ? ಸಂಜೀಕ ಗೇಟಿನ ತನಕ ಹೋಗಿ ಬರೂಣು, ನೀವೂ ಬರ್ರಿ."