ಎಕ್ಕಿ ಸೊಪ್ಪಿನ ಗಡಿಗಿ ತಂದ ಫಜೀತಿ

ಹಿತ್ತಲದಾಗ ನಾಲ್ಕು ಬದನಿ ಗಿಡಾ ಹಚ್ಚಿ, ಅವು ಛಲೋ ಬರಲಿ ಅಂತ ಆಸೆ ಪಟ್ಟಾವಂಗ ಇಂಥಾವೆಲ್ಲಾ ಆಗೂವನ. ನಾ ಆಗ ಧಾರವಾಡದಾಗ ಕನ್ನಡ ಸಾಲಿ ಮಾಸ್ತರ. ಬದನಿ ಎಲಿಗೆ ಹೇನು ಹತ್ತಿದ್ವು. ಅಮ್ಮಿನಬಾವಿಯ ನಮ್ಮ ಮಾವ, ‘ಬೇವಿನ ಸೊಪ್ಪು, ಎಕ್ಕಿ ಎಲಿ, ಒಂದೀಟು ಬೆಲ್ಲಾ ನೀರಾಗ ಹಾಕಿ ಗಡಿಗ್ಯಾಗ ಕೊಳಿಯಾಕ ಬಿಡ್ರಿ. ಆ ನೀರು ಹೊಡದ್ರ ಹೇನು ಹೋಗತಾವ’ ಅಂದ್ರು. ವಾಸನಿ ಸುದ್ದಿ ಮಾತ್ರ ಮಾವ ತಗೀಲೇ ಇಲ್ಲ.

ಸತ್ತ ಇಲಿ

ವಾರದಾಗ ಗಡಿಗಿ ನಾರಾಕತ್ತಿತು. ಮನಿ ಮಾಲಕಿ ಅವ್ವಾರು ಮೂಗಿಗೆ ಸೆರಗು ಹಿಡಕೊಂಡು, ‘ಎಲ್ಲೋ ಇಲಿ ಸತ್ತೈತಿ!’ ಅಂದ್ರು. ಆ ಕಾಲಕ್ಕ ಇಲಿ ಸತ್ತರ ಪ್ಲೇಗ ಬಂತು ಅಂತನ ಲೆಕ್ಕ. ಮನಿ ಬಿಟ್ಟು ಅಡವ್ಯಾಗ ಗುಡಸಲಾ ಹಾಕಬೇಕು. ನಾ ಅಡ್ಡ ಹೋಗಿ ಖರೇ ಹೇಳೂದ್ರಾಗ ಅವರು ಪೂಜಾ ಪೆಟ್ಟಿಗಿ, ಹಾಸಿಗಿ ಎಲ್ಲಾ ಕಟ್ಟಿಬಿಟ್ಟಿದ್ರು.

‘ಮಾಸ್ತರ, ಅಮಾಸಿ ಒಳಗ ಗಡಿಗಿ ಹೋಗಬೇಕು. ಇಲ್ಲಾ ನೀವು ಹೋಗಬೇಕು!’

ಇಷ್ಟು ಛಲೋ ಮನಿ ಮತ್ತ ಎಲ್ಲಿ ಸಿಗಬೇಕು? ನಾ ಹೆಂಡತಿ ಮಾರಿ ನೋಡಿದೆ.

‘ನೀವೂ ಗಡಿಗೀನೂ ಕೂಡೇ ಹೋಗ್ರಿ. ನಾ ಅವ್ವಾರ ಕಡೆ ಇರತೇನಿ’ ಅಂದಳು.

ಶಿವನ ಕೃಪಾ

ಬದನಿ ಹೇನು ಹೋದ್ವು. ಆದ್ರ ನಾ ಮುಟ್ಟದಿದ್ರೂ ಗಡಿಗ್ಯಾಗಿನ ನೀರು ಇಳ್ಯಾಕತ್ತಿತು. ಅದ ಹೊತ್ತಿಗೆ ಅವ್ವಾರ ಪೂಜಾದ ಮಲ್ಲಿಗಿ ಗಿಡಾ, ಎಲಿ ಹಳದಿ ಆಗಿ ಒಣಗಾಕತ್ತಿದ್ದು, ಚಿಗತು ಮೊಗ್ಗಿ ಬಿಟ್ಟಿತು.

‘ಮಲ್ಲಿಗಿ ಭಾರೀ ಬಂದೈತಲ್ರೀ ಅವ್ವಾರ?’ ಅಂದೆ.

‘ಎಲ್ಲಾ ಶಿವನ ಕೃಪಾ’ ಅಂತ ಕೈ ಮುಗದ್ರು.

ಅವರು ಒಳಗ ಹ್ವಾದ ಮ್ಯಾಲೆ ನನ್ನ ಹೆಂಡತಿ ಮೂಗು ಮುಚ್ಚಿಕೊಂಡು ಕೇಳಿದಳು: ‘ಶಿವನ ಕೃಪಾ ಇಷ್ಟ ನಾರತೈತೇನ್ರೀ?’

ಅಬಕಾರಿ ಸಿಪಾಯಿ

ಅಮಾಸಿ ದಿನ ಮುಂಜಾನೆ ನಾ ಗಡಿಗಿ ಎತ್ತಬೇಕು, ಅಷ್ಟರಾಗ ಅಬಕಾರಿ ಸಿಪಾಯಿ ಬಂದು ನಿಂತ. ಯಾರೋ ಚಾಡಿ ಹೇಳಿದ್ರು. ಗಡಿಗಿ ಬಾಯಿಗೆ ಕಟ್ಟಿದ್ದ ಅರಬಿ ಬಿಚ್ಚಿ ನೋಡಿದ.

‘ಬೆಲ್ಲಾ ಹಾಕೀರಿ, ಬುರುಗು ಬಂದೈತಿ. ಕಳ್ಳಭಟ್ಟಿ ಸೆರೇ ಇದು! ಗಡಿಗಿ ಯಾರದು?’

ನಂದು ಅಂದ್ರ ನೌಕರಿ ಹೋಗತೈತಿ. ಅಷ್ಟರಾಗ ಹಣಿ ತುಂಬ ವಿಭೂತಿ ಹಚಗೊಂಡ ಅವ್ವಾರು ಹೊರಗ ಬಂದ್ರು.

‘ಗಡಿಗಿ ನಂದಪಾ.’

ಸಿಪಾಯಿ ಗಾಬರಿ ಆದ. ‘ಅವ್ವಾರ, ನೀವು ಕುಡೀತೀರಿ?’

‘ನಾ ಅಲ್ಲೋ, ನನ್ನ ಮಲ್ಲಿಗಿ ಕುಡೀತೈತಿ.’

‘ನಂಬೂದು ಹೆಂಗ್ರಿ?’

ಅವ್ವಾರು ಒಂದು ವಾಟಗಾ ತುಂಬಿ ಮುಂದ ಹಿಡದ್ರು. ‘ಕುಡದು ನೋಡು.’

ಸರಕಾರಿ ಕೆಲಸ ನೋಡ್ರಿ, ಪಾಪ, ಒಂದು ಗುಟುಕು ಹಾಕಿದ. ಹಾಕಿದವನ ಓಡಿ ಹೋಗಿ ಪೇರಲ ಗಿಡಾ ತಬ್ಬಿಕೊಂಡು ನಿನ್ನಿ ಊಟ ಎಲ್ಲಾ ಕಕ್ಕಿದ. ಕಣ್ಣೀರು ಒರಸಿಕೋತ, ‘ಸೆರೇ ಅಲ್ರಿ ಇದು. ಸೆರೇ ಆಗಿದ್ರ ನನಗ ರುಚಿ ಗೊತ್ತಾಗತಿತ್ತು’ ಅಂದ.

‘ಹೆಂಗ ಗೊತ್ತಾಗತಿತ್ತಪಾ?’ ಅಂತ ಅವ್ವಾರು ಕೇಳೂದ್ರಾಗ ಸಿಪಾಯಿ ಓಣಿ ದಾಟಿದ್ದ.

ನನಗ ಹ್ವಾದ ಜೀವ ಬಂದಂಗಾತು. ‘ಅವ್ವಾರ, ಅಮಾಸಿ ಬಂತು. ಗಡಿಗಿ ಚೆಲ್ಲಿ ಬರ್ಲ್ಯಾ?’ ಅಂದೆ.

‘ಚೆಲ್ಲಾಕ ಅದು ನಿಮ್ಮದೇನು? ಸರಕಾರದ ಮುಂದ ನಂದು ಅಂತ ಹೇಳೇನಿ!’ ಅಂದ್ರು. ಆಮ್ಯಾಲೆ ಮೆತ್ತಗ, ‘ನೀವೂ ಇರ್ರಿ ಮಾಸ್ತರ. ನನ್ನ ಗಡಿಗಿಗೆ ಎಕ್ಕಿ ಎಲಿ ತರಾವ್ರು ಯಾರರ ಬೇಕಲ್ಲ?’