ಗೋಪಾಲನ ಉಂಡೆಯೂ ನಮ್ಮ ಪರಲೋಕವೂ

ಇವತ್ತೂ ಮತ್ತೆ ಅಡ್ಡಿ. ನಾನು ಗ್ರೈಂಡರ್ ಮುಂದೆ ಕೂತ ಕೂಡಲೇ ಈ ಮನೆಯಲ್ಲಿ ಯಾರಿಗಾದರೂ ಪರಲೋಕದ ಚಿಂತೆ ಹತ್ತುತ್ತದೆ. ಈ ಬಂಗಾಳಿ ಊರಿನ ಲೇಕ್ ಮಾರ್ಕೆಟ್ಟಿನ ಅಂಗಡಿಗಳಿಗೆ ದೋಸೆ ಹಿಟ್ಟು ಕೊಡುವವಳಿಗೆ ಅದಕ್ಕೆಲ್ಲ ಪುರುಸೊತ್ತು ಎಲ್ಲಿಂದ ಬರಬೇಕು?

ಭಾನುವಾರದ ಹಿಟ್ಟು

ನಮ್ಮದು ಉಡುಪಿ ಕಡೆಯ ಕ್ರೈಸ್ತ ಮನೆ. "ನಂಬಿದರೆ ಸಾಕು, ರಕ್ಷಣೆ ಸಿಕ್ಕಿತು. ನಮ್ಮ ಒಳ್ಳೆಯ ಕೆಲಸದಿಂದ ಎಂಥದೂ ಆಗುವುದಿಲ್ಲ" ಎನ್ನುವುದು ಅತ್ತೆಯ ದಿನನಿತ್ಯದ ಬೋಧನೆ. ಒಂದು ಭಾನುವಾರ ಆರ್ಡರ್ ಹೆಚ್ಚಿತ್ತು; ಚರ್ಚಿಗೆ ಹೋಗದೆ ರುಬ್ಬಲು ಕೂತೆ. ಅತ್ತೆ ಎದೆ ಹಿಡಿದುಕೊಂಡರು.

"ಸಬ್ಬತ್ ದಿನ ಗ್ರೈಂಡರಾ! ಹತ್ತು ಆಜ್ಞೆ ಮರೆತೇ ಹೋಯಿತಾ ಮಾರಾಯ್ತಿ?"

"ನಂಬಿಕೆ ಉಂಟಲ್ಲ ಅತ್ತೆ, ಸಾಲದಾ?"

"ಸೊಸೆಯಾದವಳಿಗೆ ನಂಬಿಕೆ, ಆಜ್ಞೆ ಎರಡೂ ಬೇಕು!"

ಖಾಲಿ ತಟ್ಟೆ

ನಾನು ರುಬ್ಬುವಾಗ ನನ್ನ ಆರು ವರ್ಷದ ಮಗಳನ್ನು ನೋಡಿಕೊಳ್ಳುವುದು ಮೇಲಿನ ಮನೆಯ ಬಂಗಾಳಿ ಹೆಂಗಸು, ನಾವು ಮಾಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವವರು. ಅವರು ಒಲ್ಲೆ ಎಂದರೆ ಅವತ್ತೇ ನನ್ನ ವ್ಯಾಪಾರ ಬಂದ್. ಅಂಥವರು ಬಾಲಗೋಪಾಲನಿಗೆಂದು ಇಟ್ಟಿದ್ದ ತೆಂಗಿನಕಾಯಿ ಉಂಡೆಗಳನ್ನೆಲ್ಲ, ಪೂಜೆಗೂ ಮೊದಲೇ, ಇವಳು ಗುಳುಂ ಮಾಡಿ ಕೆಳಗೆ ಬಂದಿದ್ದಾಳೆ! ಅದನ್ನು ಸಂತೋಷದಿಂದ ಹೇಳುತ್ತಲೂ ಇದ್ದಾಳೆ! ನಾನು ಗ್ರೈಂಡರ್ ಆಫ್ ಮಾಡಿದೆ.

"ಕದಿಯಬಾರದು ಅಂತ ಸಂಡೇ ಸ್ಕೂಲಲ್ಲಿ ಹೇಳಿಕೊಡಲಿಲ್ವಾ?"

"ಯೇಸುಗೆ ಸಾರಿ ಹೇಳಿದೆ ಮಮ್ಮಿ. ಹೋ ಗಯಾ, ಮುಗೀತು."

"ಉಂಡೆ ಯೇಸುವಿನದಾಗಿತ್ತಾ?"

ಅತ್ತೆ ಒಳಗಿನಿಂದ ಓಡಿ ಬಂದರು. "ಮೊದಲು ಮೇಲೆ ಹೋಗಿ ಮಾಶಿ ಹತ್ತಿರ ಕ್ಷಮೆ ಕೇಳು!"

"ಯಾಕಜ್ಜಿ? ನಂಬಿದ್ರೆ ಸಾಕು ಅಂದ್ರಲ್ಲ?"

ಅತ್ತೆಗೆ ಮಾತೇ ಹೊರಡಲಿಲ್ಲ. ಸೊಸೆಯಾಗಿ ಬಂದ ಮೇಲೆ ನಾನು ಕಣ್ಣಾರೆ ಕಂಡ ಮೊದಲ ಪವಾಡ ಅದು.

ಮೆಟ್ಟಿಲ ಮೇಲೆ

ಮಗಳನ್ನು ಎಳೆದುಕೊಂಡೇ ಹೋದೆ. ಅತ್ತೆಯೂ ಹಿಂದೆ ಬಂದರು. ಮಾಶಿ ಖಾಲಿ ತಟ್ಟೆ ನೋಡಿದರು, ಇವಳ ಗಲ್ಲಕ್ಕೆ ಅಂಟಿದ್ದ ತೆಂಗಿನ ತುರಿ ನೋಡಿದರು. ಅವರು ನಕ್ಕುಬಿಟ್ಟರು.

"ನಮ್ಮ ಗೋಪಾಲನೂ ಕಳ್ಳನೇ, ಬೇಜಾರು ಮಾಡಿಕೊಳ್ಳುವುದಿಲ್ಲ. ನಾಳೆ ಬಾ, ಇಬ್ಬರೂ ಸೇರಿ ಮತ್ತೆ ಮಾಡೋಣ" ಎಂದರು ಹಿಂದಿಯಲ್ಲಿ. ಅತ್ತೆಯ ಕಣ್ಣು ತುಂಬಿತು.

ಮೆಟ್ಟಿಲು ಇಳಿಯುವಾಗ ಮಗಳು ಕೇಳಿದಳು, "ಅಜ್ಜಿ, ಮಾಶಿ ಸ್ವರ್ಗಕ್ಕೆ ಬರ್ತಾರಾ?"

"ಒಳ್ಳೆಯ ಹೆಂಗಸೇ... ಆದರೆ ನಂಬಿಕೆ ಇಲ್ಲದೆ ಹೇಗೆ ಮಗಾ?" ಅತ್ತೆ ಗೋಡೆ ನೋಡಿಕೊಂಡು ಹೇಳಿದರು.

ಮಗಳು ಅಲ್ಲೇ ನಿಂತುಬಿಟ್ಟಳು. ಗಾಬರಿಯಿಂದ ನನ್ನ ನೈಟಿ ಜಗ್ಗಿದಳು.

"ಮತ್ತೆ ಅಲ್ಲಿ ನೀನು ಹಿಟ್ಟು ರುಬ್ಬುವಾಗ ನನ್ನನ್ನು ಯಾರು ನೋಡ್ಕೊಳ್ತಾರೆ?"