ಗೆರೆ ಸೊಟ್ಟಾದರೆ ಚಪ್ಪಾಳೆ

ಕಾನ್ವೆಂಟಿನಲ್ಲಿ ಮಾರ್ಜಿನ್ ಗೆರೆ ಸೊಟ್ಟಾದರೆ ಸಿಸ್ಟರ್ ನನ್ನ ಬೆರಳ ಗೆಣ್ಣಿಗೆ ರೂಲರ್‌ನಿಂದ ಕೊಡುತ್ತಿದ್ದರು. ಅಂಥ ನನಗೆ ದೇವರು ಕೊಟ್ಟ ಸೊಸೆ ಎಂಥವಳು ಅಂತೀರಿ? ಗೆರೆ ಸೊಟ್ಟಾದರೆ ಚಪ್ಪಾಳೆ ತಟ್ಟುವವಳು!

ಹುಲಿಹೈದರದ ರೈತರ ಮನೆಯ ಹುಡುಗಿ. ಈಗ ಗಂಗಾವತಿಯ ನಮ್ಮ ಮನೆಯಲ್ಲಿದ್ದುಕೊಂಡು ಯಂತ್ರಗಳಿಗೆ ಕಣ್ಣು ಕೊಡುವ ರಿಸರ್ಚ್ ಮಾಡುತ್ತಾಳೆ. ವಸ್ತುವಿನ ಮೇಲೆ ಲೇಸರಿನ ಕೆಂಪು ಗೆರೆಯೊಂದನ್ನು ಚೆಲ್ಲುವುದು, ಪಕ್ಕದಿಂದ ಕ್ಯಾಮೆರಾ ಅದನ್ನು ನೋಡುವುದು. ಉಬ್ಬಿದ್ದಲ್ಲಿ, ತಗ್ಗಿದ್ದಲ್ಲಿ ಗೆರೆ ಬಾಗುತ್ತದೆ. ಬಾಗಿದ್ದನ್ನು ಲೆಕ್ಕ ಹಾಕಿ ಯಂತ್ರ ಎತ್ತರ, ಆಳ ಹೇಳುತ್ತದೆ. ಸಿಂಪಲ್! ಮನೆಗೆ ಬಂದವರಿಗೆಲ್ಲ ಹೀಗೆ ವಿವರಿಸುತ್ತೇನೆ, ನಾನೇ ಕಂಡುಹಿಡಿದವಳ ಹಾಗೆ. ಆದರೆ ಇವಳಿಗೆ ಲ್ಯಾಬ್ ಸಾಲದು, ನನ್ನ ಅಡುಗೆಮನೆಯೂ ಬೇಕು!

ಒಮ್ಮೆ ನಾನು ಬಡಿದ ಜೋಳದ ರೊಟ್ಟಿಯ ಮೇಲೆ ಗೆರೆ ಹರಿಸಿದಳು. ನನ್ನ ಮಗ ತಟ್ಟೆ ಹಿಡಿದು ಕಾದೂ ಕಾದೂ, "ಅದನ್ನ ತಿನ್ನೂದೈತೋ, ಸರ್ವೇ ಮಾಡೂದೈತೋ?" ಎಂದ. ಇವಳು ಕಂಪ್ಯೂಟರಿನಿಂದ ತಲೆಯೆತ್ತದೆ, "ಅತ್ತೀ, ನಿಮ್ಮ ರೊಟ್ಟಿ ಆನೆಗೊಂದಿ ಗುಡ್ಡ ಇದ್ದಂಗ ಬಂದೈತ್ರಿ!" ಎಂದಳು. ನಲವತ್ತು ವರ್ಷ ರೊಟ್ಟಿ ಬಡಿದದ್ದಕ್ಕೆ ಸಿಕ್ಕ ಸರ್ಟಿಫಿಕೇಟು!

ಇನ್ನೊಂದು ದಿನ ಹಿತ್ತಾಳೆ ಚೊಂಬಿನ ಸರದಿ. ಥಳಥಳ ಹೊಳೆಯುವುದರ ಮೇಲೆ ಬೆಳಕು ಕನ್ನಡಿಗೆ ಬಿದ್ದಂತೆ ಎತ್ತಲೋ ಚಿಮ್ಮಿ ಗೆರೆ ಕೆಡುತ್ತದಂತೆ. ಸರಿ, ಹೊಳಪು ಅಡಗಲೆಂದು ನನ್ನ ಟಾಲ್ಕಂ ಪೌಡರನ್ನೆಲ್ಲ ಚೊಂಬಿಗೆ ಬಳಿದಳು. ಅಷ್ಟರಲ್ಲಿ ಎರಡು ಮನೆ ಆಚೆಯ ಗಂಗವ್ವ ಬಂದು ನೋಡಿ, "ಯಾಕ್ರೀ ಅಮ್ಮಾರ, ಚೊಂಬು ನೋಡಾಕ ಇವತ್ತ ಗಂಡಿನವರು ಬರಾವ್ರದಾರೇನ್ರಿ?" ಎಂದಳು.

ಹೀಗೆ ನಗುತ್ತಿದ್ದ ಮನೆಯಲ್ಲಿ ನನ್ನ ಎಡಗಣ್ಣಿನ ದೃಷ್ಟಿ ಹೋಯಿತು. ಒಂದೇ ಕಣ್ಣಿಗೆ ಜಗತ್ತು ಫೋಟೋದ ಹಾಗೆ ಚಪ್ಪಟೆ. ಚಹಾ ಕಪ್ಪಿನಾಚೆ ಬೀಳುತ್ತಿತ್ತು. ಅದು ಹೋಗಲಿ, ಮನೆಯ ಮುಂದಿನ ಮೂರು ಮೆಟ್ಟಿಲಲ್ಲಿ ಯಾವುದು ಎಲ್ಲಿ ಮುಗಿಯುತ್ತದೆಂದೇ ತಿಳಿಯದು. ಒಂದು ಕಾಲಕ್ಕೆ ಕಾನ್ವೆಂಟಿನ ಮೆಟ್ಟಿಲು ಎರಡೆರಡು ಹಾರಿ ಇಳಿದವಳು ನಾನು! ಒಮ್ಮೆ ಬಿದ್ದೆ, ಕೈಗೆ ಕೋಲು ಬಂತು. ಸಂಜೆ ಗಂಗವ್ವನ ಕಟ್ಟೆಗೆ ಹೋಗುವುದನ್ನೇ ಬಿಟ್ಟುಬಿಟ್ಟೆ. "ಒಕ್ಕಣ್ಣಿಗೆ ಇನ್ನೇನು ಕಂಡೀತು?" ಎಂದು ಗೊಣಗಿದೆ.

"ನನ್ನ ಮಷೀನಿಗೂ ಒಂದ ಕಣ್ಣ ಐತ್ರಿ, ಅತ್ತೀ," ಎಂದಳು ಸೊಸೆ.

ವಾರದೊಳಗೆ ನನ್ನ ಕೈಗೋಲಿಗೆ ಕೆಂಪು ಗೆರೆ ಚೆಲ್ಲುವ ಪುಟ್ಟ ಲೈಟೊಂದನ್ನು ಓರೆಯಾಗಿ ಕೂರಿಸಿದಳು. ಸಂಜೆ ಹೊಸ್ತಿಲಲ್ಲಿ ನಿಂತೆ. ನೆಲದ ಮೇಲೆ ನೆಟ್ಟಗೆ ಓಡಿದ ಗೆರೆ ಮೆಟ್ಟಿಲಂಚಿನಲ್ಲಿ ಪಟ್ಟನೆ ತುಂಡಾಗಿ ಪಕ್ಕಕ್ಕೆ ಸರಿದಿತ್ತು!

"ಗೆರಿ ಎಲ್ಲಿ ಮುರೀತೈತಿ, ಅಲ್ಲಿ ಕಾಲ ಇಳಸ್ರಿ."

ಒಂದು. ಎರಡು. ಮೂರು. ಹಿಂದಿನಿಂದ ಚಪ್ಪಾಳೆ!

ಎರಡು ಮನೆ ದಾಟಿ ಬಂದ ನನ್ನನ್ನು ಕಂಡು ಗಂಗವ್ವ ಕಟ್ಟೆಯಿಂದೆದ್ದೇ ಬಿಟ್ಟಳು. "ಯಾರ ಜೋಡಿ ಬಂದ್ರಿ ಅಮ್ಮಾರ?"

"ಯಾರ ಜೋಡಿನೂ ಇಲ್ಲ. ನಾನೊಬ್ಬಾಕಿನ ಬಂದೀನಿ," ಎಂದೆ, ಜಂಬದಿಂದಲೇ. ಎಂದು, ತಿರುಗಿ ನೋಡಿದೆ.

ಒಂದೇ ಹೆಜ್ಜೆ ಹಿಂದಿದ್ದ ಸೊಸೆ, ನನ್ನ ಮೊಣಕೈ ಕೆಳಗೆ ಚಾಚಿದ್ದ ಕೈಯನ್ನು ಸರಕ್ಕನೆ ಹಿಂದಕ್ಕೆಳೆದು, ಗಂಗವ್ವನ ಗೋಡೆಯನ್ನು ಭಾಳ ಆಸಕ್ತಿಯಿಂದ ನೋಡತೊಡಗಿದಳು.